ಬುಡನಸಾಬರ ಒಂಟಿ ಉಪವಾಸ

ಬುಡನಸಾಬರನ್ನು ಸುಳ್ಳುಗಾರರು ಅಂದರೆ ತಪ್ಪಾಗುತ್ತದೆ. ಅವರು ಹೇಳಿದ್ದರಲ್ಲಿ ಒಂದು ನಿಜ ಇದ್ದೇ ಇರುತ್ತಿತ್ತು. ಆದರೆ ಆ ನಿಜ ಅವರ ಬಾಯಿಂದ ಹೊರಗೆ ಬರುವಷ್ಟರಲ್ಲಿ ಅದಕ್ಕೆ ನಾಲ್ಕು ಬೆರಳಿನ ಜರಿ ಅಂಚು ಸೇರಿಬಿಡುತ್ತಿತ್ತು. ಜವಳಿ ವ್ಯಾಪಾರದವರಲ್ಲವೇ, ಕಸುಬಿನ ದೋಷ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅವರು ಬಿಡಬೇಕಲ್ಲ!

ಭಟ್ಕಳಕ್ಕೂ ಹೊನ್ನಾವರಕ್ಕೂ ನಡುವೆ, ಕಡಲಿಗೆ ತಾಗಿಕೊಂಡಿದ್ದ ಮಳಲಕೇರಿ ಅವರ ಊರು. ಐವತ್ತು ಮನೆ, ಒಂದು ಮಸೀದಿ. ಬುಡನಸಾಬರು ಗಂಟು ಹೊತ್ತು ವಾರಕ್ಕೊಮ್ಮೆ ಭಟ್ಕಳ, ವಾರಕ್ಕೊಮ್ಮೆ ಕುಮಟೆ, ಉಳಿದ ದಿನ ಶರಾವತಿ ದಾಟಿ ಹೊನ್ನಾವರದ ಸುತ್ತಮುತ್ತ ತಿರುಗುತ್ತಿದ್ದರು. ಕರ್ಕಿಯ ಗಂಗಿಗೆ ಒಂದು ಕೆಂಪು ಸೀರೆ ಮಾರುವಾಗ, "ಈ ಬಣ್ಣ ಕಂಡು ಮುಂಬಯಿಯಲ್ಲಿ ಟ್ರಾಮೇ ನಿಂತುಹೋಗಿತ್ತು ಮಾರಾಯ್ತಿ" ಅಂದಿದ್ದರು. ಆಕೆ ಆ ಸೀರೆ ಉಟ್ಟು ದಾರಿಗೆ ಬಂದರೆ ಎತ್ತಿನಗಾಡಿಯವರು ಬೇಕಂತಲೇ ಗಾಡಿ ನಿಲ್ಲಿಸಿ ನಗುತ್ತಿದ್ದರು. ಭಟ್ಕಳದ ಬಂದರಿಗೆ ತಿಮಿಂಗಿಲ ಬಂದು ಬಿದ್ದಿದೆ ಅಂತ ಒಮ್ಮೆ ಮಂಕಿಯಲ್ಲಿ ಹೇಳಿದ್ದಕ್ಕೆ ನಾಲ್ಕು ಗಾಡಿ ಜನ ಬುತ್ತಿ ಕಟ್ಟಿಕೊಂಡು ಹೊರಟರು. ಅಲ್ಲಿ ಇದ್ದದ್ದು ಒಂದು ತೊರಕೆ ಮೀನು. ದೊಡ್ಡ ತೊರಕೆಯೇ, ಆದರೂ ತೊರಕೆ.

ಇಷ್ಟಾದರೂ ಅವರು ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ಏಳನೇ ವಯಸ್ಸಿನಿಂದ ರಮಜಾನಿನ ಒಂದು ಉಪವಾಸ ಬಿಟ್ಟವರಲ್ಲ. ವ್ಯಾಪಾರದ ಮಾತು ಬೇರೆ, ತಮಾಷೆ ಬೇರೆ, ಅಲ್ಲಾಹನ ವಿಷಯ ಬೇರೆ ಅಂತ ತಮ್ಮ ಮನಸ್ಸಿನಲ್ಲಿ ಮೂರು ಗಂಟು ಬೇರೆ ಬೇರೆ ಕಟ್ಟಿಟ್ಟಿದ್ದರು. ಊರಿನವರಿಗೆ ಮಾತ್ರ ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತಿದ್ದವು.

ಸಾವಿರದ ಒಂಬೈನೂರ ನಲವತ್ತೊಂದರ ಮಾತು. ಶಾಬಾನ್ ತಿಂಗಳ ಇಪ್ಪತ್ತೊಂಬತ್ತನೇ ಸಂಜೆ. ಆ ಸಂಜೆ ಚಂದ್ರ ಕಂಡರೆ ಮರುದಿನವೇ ರಮಜಾನ್, ಕಾಣದಿದ್ದರೆ ಇನ್ನೊಂದು ದಿನ ಬಿಟ್ಟು. ಮಳೆಗಾಲ ಇನ್ನೂ ಪೂರ್ತಿ ಕಾಲು ತೆಗೆದಿರಲಿಲ್ಲ. ಕೇರಿಯ ಗಂಡಸರೆಲ್ಲ ಮರಳ ಮೇಲೆ ನಿಂತು ಪಡುವಣ ನೋಡಿದ್ದೇ ನೋಡಿದ್ದು. ಬರೀ ಮೋಡ. ಸಂಜೆಯ ಬಾಂಗ್ ಕೇಳಿದ್ದೇ ಎಲ್ಲರೂ ಕುತ್ತಿಗೆ ತಿಕ್ಕಿಕೊಳ್ಳುತ್ತ ಮಸೀದಿಗೆ ಹೋದರು.

ಬುಡನಸಾಬರು ಆ ಹೊತ್ತಿಗೆ ಹೊನ್ನಾವರದಿಂದ ತಡವಾಗಿ ಹೊರಟು, ಗಂಟು ತಲೆ ಮೇಲಿಟ್ಟುಕೊಂಡು ಕಡಲ ಬದಿಯಲ್ಲೇ ಬರುತ್ತಿದ್ದರು. ಮೋಡ ಒಂದು ಕಡೆ ಹರಿಯಿತು. ಹರಿದ ಜಾಗದಲ್ಲಿ ಚಂದ್ರ ಇತ್ತು. ಕತ್ತರಿಸಿ ಬಿದ್ದ ಉಗುರಿನಷ್ಟು, ಅದಕ್ಕಿಂತಲೂ ಸಪೂರ. ಅವರು ಗಂಟು ಇಳಿಸಿ, ಕೈಯೆತ್ತಿ ದುವಾ ಓದಿ ಮುಗಿಸುವಷ್ಟರಲ್ಲಿ ಮೋಡ ಮತ್ತೆ ಮುಚ್ಚಿತು. ಇಡೀ ಕರಾವಳಿಯಲ್ಲಿ ಅಲ್ಲಾಹ ತಮಗೊಬ್ಬರಿಗೇ ತೋರಿಸಿದ್ದಾನೆ ಅನ್ನಿಸಿ ಅವರಿಗೆ ಖುಷಿ ತಡೆಯಲಾಗಲಿಲ್ಲ. ನಲವತ್ತೈದರ ಮನುಷ್ಯ, ಮರಳಿನಲ್ಲಿ ಗಂಟು ಹೊತ್ತು ಓಡಿದರು.

ಮಸೀದಿಯಲ್ಲಿ ನಮಾಜು ಆಗತಾನೇ ಮುಗಿದಿತ್ತು. "ಕಂಡೆ! ಚಂದ್ರ ಕಂಡೆ!" ಅಂತ ಬುಡನಸಾಬರು ಏದುಸಿರು ಬಿಟ್ಟರು. ಖತೀಬರಾದ ಇಸಹಾಕ ಸಾಹೇಬರು, ಅಂದರೆ ಅಲ್ಲಿ ನಮಾಜು ಮಾಡಿಸುವ, ಊರಿಗೆ ಹಬ್ಬ-ಉಪವಾಸ ಸಾರುವ ಹಿರಿಯರು, ಅವರನ್ನು ಮುಂದೆ ಕೂರಿಸಿಕೊಂಡರು. ರಮಜಾನ್ ಹಿಡಿಯಲು ಒಬ್ಬನೇ ನಂಬಿಗಸ್ತನ ಸಾಕ್ಷಿ ಸಾಕು. ಎಲ್ಲರೂ ಸುತ್ತ ನೆರೆದರು.

"ಎಲ್ಲಿ ಕಂಡೆ ಬುಡನ್?"

"ಪಡುವಣಕ್ಕೆ, ಕಡಲ ಮೇಲೆ, ಖತೀಬ ಸಾಹೇಬ್ರೇ."

ಇಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅರವತ್ತು ಮುಖ ಒಟ್ಟಿಗೆ ತಮ್ಮ ಕಡೆ ತಿರುಗಿ, ಅರವತ್ತು ಜೊತೆ ಕಿವಿ ನೆಟ್ಟಗಾದ ಮೇಲೆ ಬುಡನಸಾಬರ ನಾಲಗೆ ಸುಮ್ಮನಿರುವುದು ಹೇಗೆ?

"ಎಷ್ಟು ದೊಡ್ಡದಿತ್ತು?"

"ದೋಣಿಯಷ್ಟು! ಬೆಳಕು ಎಂಥದ್ದು ಅಂತೀರಿ, ಗಂಟಿನೊಳಗಿನ ಲುಂಗಿಯ ಚೌಕುಳಿ ಎಣಿಸಬಹುದಿತ್ತು. ಮರಳ ಮೇಲೆ ನನ್ನ ನೆರಳು ಬಿತ್ತು. ಮತ್ತೆ ಚಂದ್ರ ಎರಡು ಸಲ ಬಾಗಿತು, ಸಲಾಂ ಹೇಳಿದ ಹಾಗೆ."

ನಗೆ ಶುರುವಾಯಿತು. ಹಿಂದಿನ ಸಾಲಿನಿಂದ ಯಾರೋ, "ತೊರಕೆ ಮೀನೇ ಆಕಾಶಕ್ಕೆ ಹೋಗಿರ್ಬೇಕು" ಅಂದರು. ಖತೀಬರ ಗಡ್ಡವೂ ಅಲುಗಿತು. ಆದರೆ ಅವರು ಬೇಗ ಸಾವರಿಸಿಕೊಂಡರು.

"ಮೊದಲನೇ ಚಂದ್ರಕ್ಕೆ ನೆರಳು ಬೀಳ್ತದಾ ಬುಡನ್?"

"ನೆರಳು... ನೆರಳು ಬಿಡಿ. ಸಲಾಮೂ ಬಿಡಿ. ಚಂದ್ರ ನಿಜ."

"ಎಂತ ಬಿಡ್ಬೇಕು, ಎಂತ ಇಟ್ಕೊಳ್ಬೇಕು ಅಂತ ನಾನು ಹ್ಯಾಗೆ ತೀರ್ಮಾನ ಮಾಡ್ಲಿ?" ಖತೀಬರು ಬೇಸರದಿಂದಲೇ ಕೇಳಿದರು. "ಈಮಾನ್ ಅಂದ್ರೆ ಹೃದಯ ನಂಬ್ಬೇಕು, ನಾಲಗೆ ಹೇಳ್ಬೇಕು, ಮೈ ಮಾಡಿ ತೋರಿಸ್ಬೇಕು. ನಿನ್ನ ಹೃದಯ ನನಗೆ ಕಾಣೋದಿಲ್ಲ. ನಿನ್ನ ನಾಲಗೆ ಇಡೀ ತಾಲೂಕಿಗೆ ಗೊತ್ತು. ಊರಿಗೆ ನಾಳೆ ಉಪವಾಸ ಇಲ್ಲ. ಆದ್ರೆ ಒಂದು ಮಾತು ಕೇಳು. ನೀನು ಖರೇ ಕಂಡಿದ್ರೆ ನಾಳೆಯ ಉಪವಾಸ ನಿನಗೊಬ್ಬನಿಗೆ ಕಡ್ಡಾಯ. ಕಾಣದಿದ್ರೆ ಹಾಯಾಗಿ ಉಣ್ಣು."

ಬುಡನಸಾಬರು ಮನೆಗೆ ಬಂದು ಗಂಟು ಬಿಸಾಡಿದರು. ಅವರಿಗೆ ಅಳುವೇ ಬಂತು. ಸೀರೆ ವಿಷಯಕ್ಕೆ ನಂಬದಿದ್ದರೆ ಬೇಡ, ತಿಮಿಂಗಿಲದ ವಿಷಯಕ್ಕೆ ನಕ್ಕರೆ ನಗಲಿ. ಅಲ್ಲಾಹನ ಚಂದ್ರವನ್ನು ಕಂಡೆ ಅಂದರೂ ತಮ್ಮ ಮಾತಿಗೆ ಬೆಲೆಯಿಲ್ಲವೇ? ಹೆಂಡತಿ ಮೈಮೂನಾ ಆಗಲೇ ಸುದ್ದಿ ಕೇಳಿ, ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ನಗುತ್ತಿದ್ದಳು.

ಮರುದಿನ ಮಳಲಕೇರಿಯಲ್ಲಿ ಊಟದ ಅಬ್ಬರ. ಇನ್ನೊಂದು ತಿಂಗಳು ಹಗಲೂಟ ಇಲ್ಲವಲ್ಲ, ಎಲ್ಲ ಮನೆಯಲ್ಲೂ ಒಳ್ಳೆಯದನ್ನೇ ಮಾಡಿದ್ದರು. ಮೈಮೂನಾ ಶ್ಯಾವಿಗೆ ಬಿರಿಯಾನಿಗೆ ಈರುಳ್ಳಿ ಹುರಿಯುತ್ತಿದ್ದಳು. ಬುಡನಸಾಬರು ಊರಿಗೇ ಗೊತ್ತಿದ್ದ ತಿಂಡಿಪೋತರು. ಉಂಡರೆ ಯಾರೂ ಬೈಯುವಂತಿರಲಿಲ್ಲ, ಬೆನ್ನು ತಟ್ಟಿ ನಗುತ್ತಿದ್ದರು, ಒಂದು ತಮಾಷೆ ಅಂತ ಮುಗಿದುಹೋಗುತ್ತಿತ್ತು. ಉಪವಾಸ ಮಾಡಿದರೆ ನೋಡುವವರೂ ಇಲ್ಲ, ನಂಬುವವರೂ ಇಲ್ಲ. ಆದರೂ ಕಣ್ಣಾರೆ ಕಂಡದ್ದನ್ನು ಕಂಡೇ ಇಲ್ಲ ಅಂತ ಒಂದು ತುತ್ತು ಅನ್ನದಲ್ಲಿ ಅಲ್ಲಾಹನೆದುರು ಹೇಳುವುದು ಅವರಿಂದ ಆಗಲಿಲ್ಲ. ಬೆಳಗಾಗುವ ಮೊದಲೇ ನಾಲ್ಕು ಗುಟುಕು ನೀರು ಕುಡಿದು ಉಪವಾಸ ಹಿಡಿದಿದ್ದರು. ಈರುಳ್ಳಿ ವಾಸನೆ ತಡೆಯಲಾರದೆ ಗಂಟು ಹೊತ್ತು ಹೊನ್ನಾವರದ ದೋಣಿ ಹತ್ತಿಬಿಟ್ಟರು.

ಹೊನ್ನಾವರದಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು. ಮಹಾಗಣಪತಿ ಹೆಗಡೆಯವರ ಚಾದಂಗಡಿ. ಅದರ ಹೊರಜಗುಲಿಯ ಬೆಂಚು ಇಪ್ಪತ್ತು ವರ್ಷದಿಂದ ಬುಡನಸಾಬರ ಕಾಯಂ ಜಾಗ. ಅವರು ಕಂಡದ್ದೇ ಹೆಗಡೆಯವರು ಬಿಸಿಬಿಸಿ ಸುಕ್ಕಿನುಂಡೆ ಆರು ತಂದು ಇಟ್ಟರು.

"ಇವತ್ತು ಬೇಡ ಹೆಗಡೇರೇ. ಉಪವಾಸ."

"ಎಂತ ಸಾಬ್ರೇ, ಬೆಳಿಗ್ಗೆ ನಿಮ್ಮ ಊರವ್ರು ನಾಲ್ಕು ಜನ ಇಲ್ಲೇ ಚಾ ಕುಡಿದು ಹೋದ್ರಲ್ಲ! ನಾಳೆಯಿಂದ ಅಂದ್ರಪ್ಪ."

ಬುಡನಸಾಬರು ಎಲ್ಲ ಹೇಳಿದರು. ನೆರಳಿನ ವಿಷಯವನ್ನೂ ತಗ್ಗಿದ ದನಿಯಲ್ಲಿ ಹೇಳಿದರು. ಹೆಗಡೆಯವರು ನಗುತ್ತ ಒಂದು ಸುಕ್ಕಿನುಂಡೆ ಮುರಿದು ಅವರ ಮೂಗಿನ ಹತ್ತಿರ ಹಿಡಿದರು. ಬೆಲ್ಲ, ಏಲಕ್ಕಿ, ಕಾಯಿಯ ವಾಸನೆ ಹಬೆಯಾಡಿತು. ಬುಡನಸಾಬರ ಹೊಟ್ಟೆ ಬೆಂಚಿನ ಆ ತುದಿಗೂ ಕೇಳುವ ಹಾಗೆ ಗುರ್ ಅಂದಿತು. ಅವರು ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಬೆಂಚು ಹಿಡಿದು ಕೂತರು. ಕೈ ಚಾಚಲಿಲ್ಲ.

ಹೆಗಡೆಯವರು ಉಂಡೆ ಕೆಳಗಿಟ್ಟರು. ನಗು ನಿಂತಿತ್ತು. "ಸಾಬ್ರೇ, ಇಪ್ಪತ್ತು ವರ್ಷದಲ್ಲಿ ನೀವು ನನಗೆ ಸಾವಿರ ಕತೆ ಹೇಳಿದ್ದೀರಿ, ಒಂದನ್ನೂ ನಾ ನಂಬಲಿಲ್ಲ. ಆದ್ರೆ ಸುಕ್ಕಿನುಂಡೆ ಬೇಡ ಅಂತ ಒಂದಿನವೂ ಅಂದವ್ರಲ್ಲ. ನೀವು ಚಂದ್ರ ಕಂಡದ್ದು ಖರೆ."

ತಮ್ಮ ಮಾತು ನಂಬಿದ ಮೊದಲ ಮನುಷ್ಯ, ನೋಡಿದರೆ ಜನಿವಾರದವರು! ಬುಡನಸಾಬರು ನಗುತ್ತಲೇ ಕಣ್ಣೊರೆಸಿಕೊಂಡರು.

ಸಂಜೆ ಮನೆಗೆ ಬಂದಾಗ ತುಟಿ ಒಣಗಿ ಬಿರಿದಿತ್ತು. ಕಡಲ ಬದಿಯಲ್ಲಿ ಸೂರ್ಯ ಮುಳುಗಿದ್ದು ಖಾತ್ರಿ ಮಾಡಿಕೊಂಡು, ಜಗುಲಿಯಲ್ಲಿ ಒಬ್ಬರೇ ಕೂತು ಒಂದು ಖರ್ಜೂರ ಬಾಯಿಗಿಟ್ಟರು. ಮೈಮೂನಾ ಬಾಗಿಲಲ್ಲಿ ನಿಂತು ನೋಡಿದಳು. ಅವರ ಪಾಲಿನ ಮಧ್ಯಾಹ್ನದ ಬಿರಿಯಾನಿ ಮುಚ್ಚಿಟ್ಟದ್ದು ಹಾಗೇ ಇತ್ತು.

"ಹೋಯ್, ಖರೇನಾ ಕಂಡದ್ದು?"

"ಕಂಡೆ."

"ಎಷ್ಟಿತ್ತು?"

"ಸಪೂರ. ಉಗುರಿನಷ್ಟೂ ಇರ್ಲಿಲ್ಲ."

ಮೈಮೂನಾ ಹಣೆ ಹಣೆ ಬಡಿದುಕೊಂಡಳು. "ನಿನ್ನೆ ಇದೇ ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಾನು ಮಧ್ಯಾಹ್ನ ಎರಡು ಸಲ ಬಡಿಸ್ಕೊಂಡು ಉಂಡೆನಲ್ಲ! ರಮಜಾನಿನ ಒಂದು ಉಪವಾಸ ನನ್ನ ಕೈತಪ್ಪಿತಲ್ಲ! ಹೆಂಡ್ತಿಯೂ ನಂಬದ ಹಾಗೆ ಖರೆ ಹೇಳುವ ಗಂಡಸನ್ನ ನಾನೆಲ್ಲೂ ಕಾಣ್ಲಿಲ್ಲ."

ಈ ಬೈಗುಳ ಬುಡನಸಾಬರಿಗೆ ಖತೀಬರ ಮಾತಿಗಿಂತ ಜೋರಾಗಿ ತಾಗಿತು. ಅವರ ಜರಿ ಅಂಚಿನಿಂದ ಕೆಟ್ಟದ್ದು ಅವರ ಹೆಸರೊಂದೇ ಅಲ್ಲ, ಇಡೀ ಕೇರಿಯ ಒಂದು ಉಪವಾಸ. ಊರು ಮರುದಿನದಿಂದ ರಮಜಾನ್ ಹಿಡಿಯಿತು. ಬುಡನಸಾಬರಿಗೆ ಅದು ಎರಡನೇ ಉಪವಾಸ. ಯಾರ ಹತ್ತಿರವೂ ವಾದ ಮಾಡಲಿಲ್ಲ. ಇದ್ದದ್ದನ್ನು ಇದ್ದಷ್ಟೇ ಹೇಳುವುದು ಅಂತ ಅವತ್ತೇ ಗಟ್ಟಿ ಮಾಡಿಕೊಂಡರು.

ಅದರ ಫಜೀತಿ ಕೇಳಬೇಕು. ಕುಮಟೆಯ ಸಂತೆಯಲ್ಲಿ ಒಬ್ಬಾಕೆ, "ಈ ಸೀರೆ ಬಣ್ಣ ಬಿಡ್ತದಾ?" ಅಂದಳು. "ಸ್ವಲ್ಪ ಬಿಡ್ತದೆ" ಅಂದರು. ಆಕೆ ಹೆದರಿ ನಾಲ್ಕು ಹೆಜ್ಜೆ ಹಿಂದೆ ಸರಿದಳು. "ಸಾಬ್ರಿಗೆ ಹುಷಾರಿಲ್ಲ" ಅಂತ ಪೇಟೆಯಲ್ಲಿ ಸುದ್ದಿಯಾಯಿತು. ಕರ್ಕಿಯ ಗಂಗಿ ಕಷಾಯದ ಪುಡಿಯನ್ನೇ ಕೊಟ್ಟು ಕಳಿಸಿದಳು. ಆದರೆ ಸಾಬರ ಮಾತು ನಂಬಬಹುದು ಅಂತ ಗಿರಾಕಿಗಳಿಗೆ ಗೊತ್ತಾಗಿ, ಎರಡು ವಾರ ಕಳೆಯುವಷ್ಟರಲ್ಲಿ ಗಂಟು ಎಂದಿಗಿಂತ ಬೇಗ ಖಾಲಿಯಾಗತೊಡಗಿತು. ಬುಡನಸಾಬರಿಗೆ ಮಾತ್ರ ಹಸಿವೆಗಿಂತ ನಾಲಗೆಯ ಈ ಉಪವಾಸವೇ ಕಷ್ಟ. ಒಂದು ಸಣ್ಣ ಕಪ್ಪೆ ಕಂಡರೂ ಅದನ್ನು ಎತ್ತಿನಷ್ಟು ಮಾಡದೆ ನುಂಗಿಕೊಳ್ಳಬೇಕು ಅಂದರೆ ಎಂಥ ಸಂಕಟ!

ಊರಿನ ಲೆಕ್ಕದಲ್ಲಿ ಇಪ್ಪತ್ತೆಂಟನೇ ಉಪವಾಸದ ಸಂಜೆ ಬಂತು. ಇಪ್ಪತ್ತೆಂಟಕ್ಕೆ ಯಾರೂ ಚಂದ್ರ ನೋಡುವುದಿಲ್ಲ, ಏಕೆಂದರೆ ಚಂದ್ರನ ತಿಂಗಳಿಗೆ ಇಪ್ಪತ್ತೊಂಬತ್ತೋ ಮೂವತ್ತೋ ದಿನ, ಇಪ್ಪತ್ತೆಂಟು ದಿನದ ತಿಂಗಳೇ ಇಲ್ಲ. ಬುಡನಸಾಬರಿಗೆ ಅದು ಇಪ್ಪತ್ತೊಂಬತ್ತು. ಒಬ್ಬರೇ ಮರಳಿಗೆ ಹೋದರು. ಮಳೆ ಮುಗಿದು ಆಕಾಶ ತೊಳೆದಿಟ್ಟ ಹಾಗಿತ್ತು. ಸೂರ್ಯ ಮುಳುಗಿದ, ಖರ್ಜೂರ ಬಾಯಿಗೆ ಹೋಯಿತು. ಬೆಳಕು ಇಳಿಯುತ್ತ ಬಂದ ಹಾಗೆ ಕಡಲಿನ ಮೇಲೆ, ಸಪೂರವಾಗಿ, ಅದೇ ಅದು.

ಮಸೀದಿಯಲ್ಲಿ ಜನ ಗಂಜಿ ಕುಡಿಯುತ್ತಿದ್ದರು. ಬುಡನಸಾಬರು ಬಾಗಿಲಲ್ಲಿ ನಿಂತರು. ನಾಲಗೆ ತುದಿಯಲ್ಲಿ ದೋಣಿ, ಆನೆ, ಸಲಾಮು ಎಲ್ಲ ಬಂದು ನೂಕಾಡಿದವು. ಅವರು ಎಲ್ಲವನ್ನೂ ನುಂಗಿದರು.

"ಚಂದ್ರ ಕಾಣ್ತು. ಸಪೂರ ಉಂಟು. ಬೇಗ ಮುಳುಗ್ತದೆ. ಬನ್ನಿ."

ಅಷ್ಟೇ. ಜರಿಯಿಲ್ಲ, ಅಂಚಿಲ್ಲ. ಖತೀಬರು ಗಂಜಿಯ ಬಟ್ಟಲು ಇಟ್ಟು ಅವರ ಮುಖವನ್ನೇ ನೋಡಿದರು. ಮತ್ತೊಂದು ಪ್ರಶ್ನೆ ಕೇಳದೆ ಎದ್ದು, ಚಪ್ಪಲಿ ಹಾಕುವುದನ್ನೂ ಮರೆತು ನಡೆದರು. ಖತೀಬರೇ ಹೊರಟರೆ ಉಳಿದವರು ಕೂರುತ್ತಾರೆಯೇ? ಇಡೀ ಕೇರಿ ಮರಳಿಗೆ ಇಳಿಯಿತು. ನೂರು ಬೆರಳು ಒಟ್ಟಿಗೆ ಪಡುವಣಕ್ಕೆ ಚಾಚಿದವು.

ಮೊದಲು ಗಲಭೆ, ಆಮೇಲೆ ಎಲ್ಲರೂ ಬೆರಳು ಮಡಚಿ ಎಣಿಸಿದರು. ಎಷ್ಟು ಸಲ ಎಣಿಸಿದರೂ ಇಪ್ಪತ್ತೆಂಟೇ. ರಮಜಾನ್ ಒಂದು ದಿನ ಮೊದಲೇ ಶುರುವಾಗಿತ್ತು. ಆ ದಿನ ಇಡೀ ಕೇರಿ ಹೊಟ್ಟೆ ಬಿರಿಯ ಉಂಡಿತ್ತು. ಉಪವಾಸ ಪೂರ್ತಿಯಾದದ್ದು ಊರಿಗೆಲ್ಲ ಒಬ್ಬರದೇ.

ನಾಳೆ ಹಬ್ಬ ಅಂತ ಹೊಳೆದ ಮೇಲಂತೂ ಹುಚ್ಚು ಹಿಡಿದ ಹಾಗಾಯಿತು. ದರ್ಜಿಯ ಮನೆಯಲ್ಲಿ ಒಂದೇ ತೋಳಿನ ಜುಬ್ಬಾಗಳು ನೇತಾಡುತ್ತಿದ್ದವು. ಹಾಲು ಕೊಡುವ ಕುಪ್ಪನ ಮನೆಗೆ ಹತ್ತು ಜನ ಚೊಂಬು ಹಿಡಿದು ಓಡಿದರು. "ನನಗೆ ಹೇಳಿದ್ರೆ ಎಂತ ಆತು, ಎಮ್ಮೆಗೆ ಮೊದಲೇ ಹೇಳ್ಬೇಕಿತ್ತಲ್ಲ!" ಅಂತ ಅವನು ಅಂಗಳದಲ್ಲಿ ಕುಣಿದ. ಈ ಗದ್ದಲದ ನಡುವೆ ಖತೀಬರು ಬುಡನಸಾಬರ ಎರಡೂ ಕೈ ಹಿಡಿದುಕೊಂಡರು.

"ಊರಿಗೆ ಒಂದು ಉಪವಾಸ ತುಂಬಿಕೊಡುವುದಿದೆ ಬುಡನ್. ನಿನಗಿಲ್ಲ. ನಾವು ಹಸಿದಿರುವಾಗ ನೀನು ನಮ್ಮೆದುರು ಕೂತು ಉಣ್ಣಬಹುದು. ಅದು ನಿನ್ನ ಹಕ್ಕು."

ಹಬ್ಬ ಕಳೆದ ಮೇಲೆ ಒಂದು ದಿನ ಗೊತ್ತು ಮಾಡಿ ಕೇರಿಗೆ ಕೇರಿಯೇ ಆ ಉಪವಾಸ ಹಿಡಿಯಿತು. ಅವತ್ತು ಬುಡನಸಾಬರ ಮನೆಗೆ ತಟ್ಟೆಗಳ ಮೆರವಣಿಗೆ. ಅಂದು ನಕ್ಕವರೆಲ್ಲ ಈಗ ನಾಚಿಕೊಂಡು ಬಿರಿಯಾನಿ, ಹುರಿದ ಬಂಗಡೆ, ಖೀರು ಕಳಿಸಿದರು. ಹೆಗಡೆಯವರೂ ಹೊನ್ನಾವರದಿಂದ ಬಾಳೆಲೆಯಲ್ಲಿ ಸುಕ್ಕಿನುಂಡೆ ಕಟ್ಟಿ ಕಳಿಸಿದರು. ಮೈಮೂನಾ ಎಲ್ಲವನ್ನೂ ಸಾಲಾಗಿ ಮುಚ್ಚಿಟ್ಟಳು. ಸಂಜೆಯಾದರೂ ಒಂದು ಮುಚ್ಚಳವೂ ಏಳಲಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ಬುಡನಸಾಬರು ಆ ತಟ್ಟೆಗಳನ್ನೆಲ್ಲ ಹೊರಿಸಿಕೊಂಡು ಮಸೀದಿಗೆ ಬಂದು, ಸಾಲಿನ ಕೊನೆಯಲ್ಲಿ ಕೂತರು. ಖತೀಬರಿಗೆ ಆಶ್ಚರ್ಯವಾಯಿತು.

"ಎಂತಕ್ಕೆ ಉಣ್ಲಿಲ್ಲ ಬುಡನ್?"

"ನನಗೂ ಉಪವಾಸ ಖತೀಬ ಸಾಹೇಬ್ರೇ. ಒಬ್ಬನೇ ಒಂದು ದಿನ ಮಾಡಿದ್ದೆ. ಅಷ್ಟು ಒಂಟಿತನ ಸಾಕಾತು."

ಹೇಳಿದ ಮೇಲೆ ಅಭ್ಯಾಸದಂತೆ ಸುತ್ತ ನೋಡಿದರು, ಯಾರು ಮೊದಲು ನಗುತ್ತಾರೆ ಅಂತ. ಯಾರೂ ನಗಲಿಲ್ಲ. ಹೌದೇ ಅಂತ ಯಾರೂ ಕೇಳಲೂ ಇಲ್ಲ. ಖತೀಬರು ಸಾಲಿನ ಮೊದಲಿಗೆ ತಮ್ಮ ಪಕ್ಕದಲ್ಲಿ ಜಾಗ ಮಾಡಿ ಅವರನ್ನು ಕರೆದರು.

"ನೀನು ಹೊರಗೆ ಹೋಗಿ ಸೂರ್ಯ ಮುಳುಗಿದ್ದಾನಾ ನೋಡಿ ಬಾ. ನೀನು ಮುಳುಗಿದ ಅಂದ ಮೇಲೆ ನಾವು ಉಪವಾಸ ಬಿಡ್ತೇವೆ."