ಭಾವ ಹಾಕಿದ ಟಯರುಗಳು

ಸುಂಟಿಕೊಪ್ಪದಲ್ಲಿ ನನ್ನ ಗಂಡನ ಅಣ್ಣ ಟಯರ್ ಅಂಗಡಿ ಇಟ್ಟ ಮೇಲೆ ನಮ್ಮ ಮನೆಯ ಗಾಡಿಗಳು ಬೇರೆ ಕಡೆ ಹೋಗುವ ಮಾತೇ ಇರಲಿಲ್ಲ. ನನ್ನ ಕಾರಿನ ನಾಲ್ಕೂ ಟಯರು ಸವೆದಾಗ ಭಾವನೇ ಹೊಸದು ಹಾಕಿದರು, ಚಕ್ರದ ತೂಕ ಸುತ್ತಲೂ ಸಮ ಇರುವಂತೆ ಬ್ಯಾಲೆನ್ಸಿಂಗ್ ಮಾಡಿದರು, ಗಾಜನ್ನೂ ಒರೆಸಿ ಕಳಿಸಿದರು.

ನಾನು ಆಗ ಪಿರಿಯಾಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಕುಶಾಲನಗರದವರೆಗೆ ಬರೀ ತಿರುವು. ಹೊಳೆ ದಾಟಿದ ಮೇಲೆ ರಸ್ತೆ ನೇರ. ಮರುದಿನ ಬೆಳಿಗ್ಗೆ ಅಲ್ಲಿ ವೇಗ ಎಪ್ಪತ್ತು ದಾಟುತ್ತಲೇ ಸ್ಟೇರಿಂಗ್ ನಡುಗತೊಡಗಿತು. ಎಂಬತ್ತಕ್ಕೆ ಸೀಟು ಕೂಡ ನಡುಗಿತು. ಹೆದರಿ ಐವತ್ತಕ್ಕೆ ಇಳಿಸಿದೆ, ನಡುಕ ನಿಂತುಹೋಯಿತು.

ಸಂಜೆ ಅಂಗಡಿಗೆ ಹೋಗಿ ಹೇಳಿದೆ. ಭಾವ ತಾವೇ ಕೂತು ಮಡಿಕೇರಿ ಕಡೆಯ ಏರಿನಲ್ಲಿ ಒಂದು ಸುತ್ತು ಹೋಗಿ ಬಂದರು.

"ಚೆನ್ನಾಗೇ ಹೋಗ್ತದಲ್ಲ. ಎಂತ ನಡುಕ?"

"ಇಲ್ಲಿ ಗೊತ್ತಾಗಲ್ಲ ಭಾವ. ಕುಶಾಲನಗರ ದಾಟಿದ ಮೇಲೆ, ಎಪ್ಪತ್ತಕ್ಕೆ."

"ನೀ ಅಷ್ಟು ಸ್ಪೀಡು ಯಾಕೆ ಹೋಗ್ತಿ ಮಾರಾಯ್ತಿ? ಹೊಸ ಟಯರು, ಸ್ವಲ್ಪ ಓಡ್ಲಿ."

ಒಂದು ವಾರ ಓಡಿಸಿದೆ. ಮತ್ತೆ ಹೋದೆ. ಈ ಸಲ ಮುಂದಿನ ಎರಡೂ ಚಕ್ರ ಬಿಚ್ಚಿ ಮೆಷಿನ್‌ಗೆ ಹಾಕಿ ತಿರುಗಿಸಿದರು. ಪರದೆಯ ಮೇಲೆ ಸೊನ್ನೆ ಬಂತು, ಅಂದರೆ ತೂಕದಲ್ಲಿ ಏರುಪೇರಿಲ್ಲ. "ನೋಡು, ನೀನೇ ನೋಡು," ಎಂದರು. ಕೀ ತೆಗೆದುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಗಂಡನಿಗೆ ಹೇಳಿದೆ, ಕುಶಾಲನಗರದಲ್ಲಿ ಬೇರೆಯವರಿಗೆ ತೋರಿಸೋಣ ಎಂದು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಅಣ್ಣನ ಅಂಗಡಿ ಬಿಟ್ಟು ಇನ್ನೊಂದು ಕಡೆ ಗಾಡಿ ನಿಲ್ಸಿದ್ರೆ ಸಂಜೆಯೊಳಗೆ ಅವನ ಕಿವಿಗೆ ಬೀಳ್ತದೆ. ಸ್ವಲ್ಪ ನಿಧಾನ ಹೋಗು." ಬಸ್ಸಿನಲ್ಲಿ ಹೋಗೋಣವೆಂದರೆ ಕಾರು ಯಾಕೆ ನಿಂತಿದೆ ಎಂದು ಭಾವ ಕೇಳುತ್ತಾರೆ, ಅವರ ಮನೆ ನಮ್ಮ ಅಂಗಳದ ಆಚೆಗೇ.

ಹೀಗಾಗಿ ಬೆಳಿಗ್ಗೆ ಇಪ್ಪತ್ತು ನಿಮಿಷ ಮೊದಲೇ ಹೊರಟು ಆ ನೇರ ರಸ್ತೆಯಲ್ಲಿ ಐವತ್ತರಲ್ಲಿ ತೆವಳುತ್ತಿದ್ದೆ. ಹಿಂದಿನ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವಾಗ ಅಂಗೈ ಜುಮ್ಮೆನ್ನುತ್ತಿತ್ತು. ಚಕ್ರದ ನಡುಕವೋ ನನ್ನ ಕೈಯದೋ ಎಂದು ನನಗೇ ಅನುಮಾನ ಹತ್ತಿತು.

ಮೂರನೆಯ ವಾರ ಒಂದು ಭಾನುವಾರ ಭಾವನಿಗೆ ಕುಶಾಲನಗರದಲ್ಲಿ ಏನೋ ಸಾಮಾನು ತರಬೇಕಿತ್ತು. ನನ್ನ ಕಾರಿನ ಕೀ ಅವರ ಕೈಗೇ ಕೊಟ್ಟು ಪಕ್ಕದಲ್ಲಿ ಕೂತೆ. ಪೇಟೆ ಬಂದಾಗ ಅವರು ನಿಧಾನ ಮಾಡಿದರು.

"ನಿಲ್ಸಬೇಡಿ ಭಾವ. ಹೊಳೆ ದಾಟಿ ಹತ್ತು ನಿಮಿಷ ಹೋಗಿ ಬರೋಣ."

ಅವರಿಗೆ ಅರ್ಥವಾಯಿತು. ಸೇತುವೆ ದಾಟಿ ವೇಗ ಏರಿಸಿದರು. ಎಪ್ಪತ್ತಕ್ಕೆ ಸ್ಟೇರಿಂಗ್ ನಡುಗಿತು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಎಂಬತ್ತಕ್ಕೆ ಒಯ್ದರು, ಆಮೇಲೆ ಮರದಡಿ ನಿಲ್ಲಿಸಿದರು.

"ಮೆಷಿನ್‌ದೇ ತೊಂದ್ರೆ," ಎಂದರು ಕೊನೆಗೆ. "ಯಾವ ಚಕ್ರ ಇಟ್ರೂ ಸೊನ್ನೆ ತೋರಿಸ್ತದೆ. ಎರಡು ತಿಂಗಳಾಯ್ತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ನಿಂಗೆ ಹೇಳಿದ್ರೆ ಎಲ್ಲರಿಗೂ ಹೇಳ್ಬೇಕಲ್ಲ. ಪೇಟೆಯ ಅರ್ಧ ಜೀಪಿಗೆ ನಾನೇ ಟಯರ್ ಹಾಕಿದ್ದು. ನಮ್ಮ ರಸ್ತೇಲಿ ಯಾರೂ ಸ್ಪೀಡ್ ಹೋಗಲ್ಲ, ಗೊತ್ತಾಗಲ್ಲ ಅಂತ ಸುಮ್ಮನಿದ್ದೆ."

"ಮೂರು ವಾರ ನನ್ನ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ ಭಾವ."

ಅವರು ಮುಖ ಬಾಡಿಸಿಕೊಂಡು ಗಾಡಿ ತಿರುಗಿಸಿದರು. ನನಗೆ ಸಿಟ್ಟು ಬಂದಿತ್ತು, ಆದರೆ ಆ ಮುಖ ನೋಡಿ ಬಯ್ಯಲು ಬಾಯಿ ಬರಲಿಲ್ಲ.

ವಾಪಸು ಬರುವಾಗ ಕುಶಾಲನಗರದ ಒಂದು ಟಯರ್ ಅಂಗಡಿಯಲ್ಲಿ ನಿಲ್ಲಿಸಿದೆವು. ಭಾವ ಇಳಿದು ರಸ್ತೆ ದಾಟಿ, ಎದುರಿನ ಬೇಕರಿಯಲ್ಲಿ ಅಂಗಡಿಗೆ ಬೆನ್ನು ಹಾಕಿ ಕೂತರು. ಅಂಗಡಿಯವನು ರಿಮ್ಮಿನ ಅಂಚಿನ ಸುತ್ತ ಬೆರಳಾಡಿಸಿ, "ಮೇಡಂ, ತೂಕ ಸರಿ ಮಾಡೋಕೆ ಒಂದು ಚೂರೂ ಸೀಸ ಹಾಕಿಲ್ಲ. ಯಾರು ಮಾಡಿದ್ದಿದು?" ಎಂದು ಕೇಳಿದ.

"ಮೈಸೂರಲ್ಲಿ," ಎಂದೆ.

ಅವನು ಚಕ್ರ ತಿರುಗಿಸಿ ನೋಡಿ, ತೂಕದ ಸೀಸದ ತುಂಡುಗಳನ್ನು ಅಂಚಿಗೆ ಬಡಿದು ಕೂರಿಸಿದ. ಅರ್ಧ ಗಂಟೆಯ ಕೆಲಸ.

ಮನೆ ಹತ್ತಿರ ಬಂದಾಗ ಭಾವ, "ತಮ್ಮನಿಗೆ ಹೇಳ್ಬೇಡ," ಎಂದರು. ಆಗಲಿ ಎಂದೆ. ಮರುದಿನ ಮೆಷಿನ್ ಮೇಲೆ ಬಟ್ಟೆ ಹೊದೆಸಿದರು. ಮೈಸೂರಿನಿಂದ ಒಬ್ಬರು ಬಂದು ರಿಪೇರಿ ಮಾಡಿದ ಮೇಲೆ ಹಳೆಯ ಗಿರಾಕಿಗಳನ್ನೆಲ್ಲ ಕರೆದು ಪುಕ್ಕಟೆಯಾಗಿ ನೋಡಿಕೊಟ್ಟರು. ಜನ ಹೊಗಳಿದರು. "ಅಣ್ಣನಂಥ ಮನುಷ್ಯ ಎಲ್ಲಿ ಸಿಗ್ತಾನೆ, ನೀನು ಸುಮ್ನೆ ಅನುಮಾನ ಪಟ್ಟೆ," ಎಂದು ಊಟಕ್ಕೆ ಕೂತಾಗ ಗಂಡ ಅಂದರು. ನಾನು ಸಾರು ಬಡಿಸಿದೆ. ಇವತ್ತಿಗೂ ಅವರಿಗೆ ಹೇಳಿಲ್ಲ.

ನನ್ನ ಚಕ್ರಗಳನ್ನೂ ಭಾವ ಇನ್ನೊಮ್ಮೆ ಪರೀಕ್ಷಿಸಿ, ಹೊಳೆ ದಾಟಿದ ಮೇಲೆ ಫೋನ್ ಮಾಡು ಎಂದಿದ್ದರು. ಎಂಬತ್ತರಲ್ಲಿ ಹೋಗಿ, ರಸ್ತೆ ಬದಿಗೆ ನಿಲ್ಲಿಸಿ ಮಾಡಿದೆ.

"ಹೇಗುಂಟು?"

"ಏನೂ ನಡುಕ ಇಲ್ಲ ಭಾವ."

"ನಿಜ ಹೇಳು, ನನ್ನ ಸಮಾಧಾನಕ್ಕೆ ಹೇಳ್ಬೇಡ," ಎಂದರು.

"ನಿಜವೇ," ಎಂದೆ. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ.