ಸಂತೆಕಲ್ಲೂರಿನವರು ಹೆಸರು ಹಾಕಿರಲಿಲ್ಲ

ಮಸ್ಕಿ ಹೊಸ ತಾಲ್ಲೂಕಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಆಗ ನಾನು ಸಿಂಧನೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಹಿರಿಯ ಪ್ರೋಗ್ರಾಮರ್ ಆಗಿದ್ದೆ. ಕಂಪನಿ ಅಂದರೆ ಗಾಜಿನ ಕಟ್ಟಡವೇನಲ್ಲ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಅಕ್ಕಿ ಗಿರಣಿಗೆ, ದವಾಖಾನೆಗೆ, ಶಾಲೆಗೆ ಬೇಕಾದ ಪ್ರೋಗ್ರಾಂಗಳು ಅಲ್ಲೇ ತಯಾರಾಗುತ್ತಿದ್ದವು. ‘ಇಂಥ ಊರಾಗ ಕುಂತು ಅಂಥ ಕೆಲಸ ಆಗತೈತೇನ್ರೀ?’ ಎಂದು ಕೇಳುವವರ ಜೊತೆ ನಾನು ವಾದಕ್ಕೆ ಇಳಿಯುತ್ತಿರಲಿಲ್ಲ, ಕೆಲಸ ತೆಗೆದು ಮುಂದೆ ಇಡುತ್ತಿದ್ದೆ. ಹಾಗೆ ಇಟ್ಟ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ತಂದದ್ದು ಮಸ್ಕಿಯ ಬೀಜದ ಪ್ರಕರಣ.

ಸಿಂಧನೂರಿನ ಕಡೆ ರೈತರೇ ಸೇರಿ ಕಟ್ಟಿಕೊಂಡ ಒಂದು ಬೀಜದ ಸಂಘವಿತ್ತು. ಲಿಂಗಸುಗೂರಿನ ಕಡೆ ಅಂಥದೇ ಇನ್ನೊಂದು. ಕಾಲುವೆಯ ಕಡೆಯವರದು ನೆಲ್ಲಿನ, ಅಂದರೆ ಭತ್ತದ ಬೀಜ, ಮಳೆ ನಂಬಿದವರದು ತೊಗರಿ, ಜೋಳ, ಸಜ್ಜೆ, ಕಾಳುಕಡಿ. ಎರಡೂ ಕಡೆಯ ಹಲವು ಹಳ್ಳಿಗಳು ಮಸ್ಕಿ ತಾಲ್ಲೂಕಿಗೆ ಬಂದಾಗ ಎರಡೂ ಸಂಘಗಳು ಕೂಡಿ ಒಂದಾಗಿ ಮಸ್ಕಿಯಲ್ಲಿ ಹೊಸ ಶಾಖೆ ತೆರೆದವು. ಅದನ್ನು ತೆರೆಸಿದವರು ಶರಣಮ್ಮ. ಸಂತೆಕಲ್ಲೂರಿನ ಸೊಸೆ, ಮಾತಿನಲ್ಲಿ ಖಡಕ್ಕು. ಹಳ್ಳಿ ಹಳ್ಳಿ ತಿರುಗಿ, ಮನೆ ಮನೆಯ ಕಟ್ಟೆಯ ಮೇಲೆ ಕೂತು, ‘ಬೀಜಕ್ಕಂತ ಲಿಂಗಸುಗೂರಿಗೆ ಹೋಗಿ ದಿನ ಕಳೀತೀರಿ, ಮಸ್ಕಿಯಾಗ ಕೊಟ್ರ ಟಂಟಂ ಹತ್ತಿ ಹೋಗಿ ಮಧ್ಯಾಹ್ನದ ಊಟಕ್ಕ ಮನಿಗೆ ಬರ್ತೀರಿ’ ಎಂದು ಎಲ್ಲರನ್ನೂ ಒಪ್ಪಿಸಿದ್ದರು. ಆದರೆ ಸಂಘದ ಅಧ್ಯಕ್ಷರಾದ ಅಮರೇಗೌಡರಿಗೆ ಈ ಶಾಖೆಯ ಮೇಲೆ ಅಷ್ಟಾಗಿ ಮನಸ್ಸಿರಲಿಲ್ಲ. ಲಿಂಗಸುಗೂರಿನಲ್ಲಿ ದೊಡ್ಡ ಗೋದಾಮು ಇರುವಾಗ ಇದೆಲ್ಲ ಯಾಕೆ ಎಂಬುದು ಅವರ ತಕರಾರು. ಅವರು ಸಭೆಯಲ್ಲಿ ಎಲ್ಲರ ಎದುರು ಒಂದು ಷರತ್ತು ಹಾಕಿದರು:

“ರೋಹಿಣಿ ಮಳಿ ಮುಗಿಯೋದ್ರಾಗ ಎಲ್ಲಾ ರೈತರ ಯಾದಿ ಕಂಪ್ಯೂಟರಿನ್ಯಾಗ ಬರೋಬ್ಬರಿ ಬರಬೇಕು. ಬರಲಿಲ್ಲ ಅಂದ್ರ ಬೀಜ ಲಿಂಗಸುಗೂರಿನಾಗ ಹಂಚತೀವಿ. ಮಸ್ಕಿ ಬಾಗಲಾ ಹಾಕ್ರಿ.”

ಶರಣಮ್ಮ ಅಂದೇ ಸಿಂಧನೂರಿಗೆ ಬಂದು ನಮ್ಮ ಮೆಟ್ಟಿಲು ಹತ್ತಿದರು. ಉಸಿರು ಬಿಡುತ್ತಾ ಕೂತು, “ಅಕ್ಕಾರ, ಮಂದಿಗೆ ಮಾತು ಕೊಟ್ಟೀನಿ. ನನ್ನ ಮಾನ ನಿಮ್ಮ ಕೈಯಾಗ ಐತಿ ನೋಡ್ರಿ,” ಎಂದರು. ನಾನು ಒಪ್ಪಿಕೊಂಡೆ.

ಇಲ್ಲಿ ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡೇಟಾಬೇಸಿನಲ್ಲಿ ಮಾಹಿತಿಯೆಲ್ಲ ಟೇಬಲ್‌ಗಳಲ್ಲಿ ಇರುತ್ತದೆ. ಒಂದು ಟೇಬಲ್ಲಿಗೆ ಯಾವ ಯಾವ ಕಾಲಂ, ಒಂದೊಂದರಲ್ಲಿ ಅಕ್ಷರ ಬರಬೇಕೋ ಅಂಕಿ ಬರಬೇಕೋ, ಇದನ್ನು ಹೇಳುವ ನಕ್ಷೆಗೆ ಸ್ಕೀಮಾ ಎನ್ನುತ್ತಾರೆ. ಪ್ರತಿ ಟೇಬಲ್ಲಿಗೂ ತುಂಬುವ ಪರದೆ ಬೇಕು, ಹುಡುಕುವ ಪರದೆ ಬೇಕು, ಚೀಟಿ ಅಚ್ಚಾಗಬೇಕು, ಹಳೆಯ ಮಾಹಿತಿಯನ್ನು ಒಳಗೆ ತರುವ ಪ್ರೋಗ್ರಾಂ ಬೇಕು. ಇವೆಲ್ಲ ಒಂದೊಂದು ಫೈಲು. ಕೈಯಿಂದ ಬರೆಯಲು ಕೂತರೆ ಮುಂಗಾರು ಹೋಗಿ ಹಿಂಗಾರು ಬರುತ್ತದೆ. ಅದಕ್ಕೆ ನಾನು ಒಂದು ಜನರೇಟರ್ ಮಾಡಿದ್ದೆ. ಅದು ಸ್ಕೀಮಾ ಓದುತ್ತದೆ, ಟೆಂಪ್ಲೇಟಿಗೆ ಸುರಿಯುತ್ತದೆ, ಫೈಲುಗಳನ್ನು ತಾನೇ ಬರೆದು ಕೊಡುತ್ತದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವುದಿಲ್ಲವೇ, ಹಾಗೆ. ಪಾಕ ಒಂದೇ, ಮರದ ಅಚ್ಚಿನಲ್ಲಿ ಏನು ಕೆತ್ತಿರುತ್ತದೋ ಅದೇ ಆನೆ, ಅದೇ ಗೋಪುರ ಎದ್ದು ಬರುತ್ತದೆ. ಟೆಂಪ್ಲೇಟ್ ಅಂದರೆ ಆ ಅಚ್ಚು.

ನನ್ನ ಜನರೇಟರಿನಲ್ಲಿ ಕೆಲವು ಜಾಣ ನಿಯಮಗಳೂ ಇದ್ದವು. ನಮ್ಮ ಕಡೆ ಟೇಬಲ್ ಮಾಡುವವರು ಕಾಲಂಗಳಿಗೆ ಕನ್ನಡದ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಇಡುವುದು ರೂಢಿ. ‘ಊರು’, ‘ಹೊಲ’, ‘ಹೆಸರು’ ಹೀಗೆ. ಕಾಲಂ ‘ಹೆಸರು’ ಎಂದಿದ್ದರೆ ಅದು ಖಾಲಿ ಇರಬಾರದು, ಅದರಲ್ಲಿ ಅಂಕಿ ಬರಬಾರದು, ಚೀಟಿಯ ಮೇಲೆ ಅದೇ ದಪ್ಪ ಅಕ್ಷರದಲ್ಲಿ ಬರಬೇಕು ಎಂದು ಟೆಂಪ್ಲೇಟಿನಲ್ಲಿ ಬರೆದಿದ್ದೆ. ಗಿರಣಿಗಳಲ್ಲಿ, ಶಾಲೆಗಳಲ್ಲಿ, ಸಿಂಧನೂರಿನ ನೆಲ್ಲಿನ ಸಂಘದಲ್ಲಿ ಆ ನಿಯಮ ಎಣ್ಣೆ ಹಚ್ಚಿದ ಗಾಲಿಯಂತೆ ಓಡಿತ್ತು.

ಲಿಂಗಸುಗೂರಿನ ಡೇಟಾಬೇಸ್ ಬಂತು. ಜನರೇಟರ್ ಓಡಿಸಿದೆ, ಫೈಲುಗಳು ಸಾಲು ಹಿಡಿದು ಹುಟ್ಟಿದವು. ಹಳೆಯ ಮಾಹಿತಿಯನ್ನು ಒಳಗೆ ತರಲು ಹೋದರೆ ಸಿಂಧನೂರಿನ ರೈತರೆಲ್ಲ ನೆಟ್ಟಗೆ ಬಂದು ಕೂತರು, ಲಿಂಗಸುಗೂರಿನ ಕಡೆಯವರು ಒಬ್ಬರೂ ಬರಲಿಲ್ಲ. ಪರದೆಯ ತುಂಬ ಸದಸ್ಯರ ಸಂಖ್ಯೆ, ಊರು, ಫೋನ್ ನಂಬರು, ಪಕ್ಕದಲ್ಲಿ ಒಂದೇ ದೂರು: ‘ಹೆಸರು ಹಾಕಿಲ್ಲ’. ಕೆಳಗೆ ಎಳೆದಷ್ಟೂ ‘ಹೆಸರು ಹಾಕಿಲ್ಲ’, ‘ಹೆಸರು ಹಾಕಿಲ್ಲ’.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಮಹಾಂತೇಶ ತಲೆ ಹಿಡಿದುಕೊಂಡ. ಒಳ್ಳೆಯ ಪ್ರೋಗ್ರಾಮರ್, ಆದರೆ ತಾಳ್ಮೆ ಕಡಿಮೆ.

“ಅಕ್ಕಾ, ಇವರ ಡೇಟಾ ಕೆಟ್ಟು ಕೆರ ಹಿಡದೈತಿ. ಹೆಸರ ಇಲ್ದ ಮೆಂಬರ್ ಹ್ಯಾಂಗ ಮಾಡ್ಯಾರ ಇವರು?”

“ಅದನ್ನ ಅವರನ್ನೇ ಕೇಳಿದ್ರಾತಲ್ಲ, ನಡಿ,” ಎಂದು ನಾನು ಮರುದಿನ ಬೆಳಿಗ್ಗೆ ಅವನನ್ನು ಕರೆದುಕೊಂಡು ಮಸ್ಕಿಯ ಬಸ್ಸು ಹತ್ತಿದೆ.

ಶಾಖೆಯಲ್ಲಿ ಶರಣಮ್ಮ ಇರಲಿಲ್ಲ. ಗೋದಾಮಿನಲ್ಲಿ ಚೀಲ ಇಳಿಸಲು ಜಾಗ ಮಾಡಿಸುತ್ತಿದ್ದರು. ನಾನು ಕಾಯುವ ಜಾತಿಯಲ್ಲ. ಜೊತೆಗೆ ತಂದಿದ್ದ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೊದಲು ಕಂಡ ಸಂತೆಕಲ್ಲೂರಿನ ಒಂದು ನಂಬರಿಗೆ ಫೋನ್ ಹಚ್ಚಿದೆ. ಆ ಕಡೆಯಿಂದ ಗಟ್ಟಿ ದನಿಯ ಒಬ್ಬ ರೈತ ಮಾತಾಡಿದ.

“ಬೀಜದ ಸಂಘದಿಂದ ಮಾತಾಡಾಕತ್ತೀನ್ರಿ. ನೀವು ಹೆಸರು ಹಾಕಿಲ್ಲ ನೋಡ್ರಿ,” ಎಂದೆ.

“ಹೌದ್ರೀ, ಹಾಕಿಲ್ಲ.”

“ಯಾಕ ಹಾಕಿಲ್ಲ?”

“ಯಾಕಂದ್ರ? ಮನಸಿಗೆ ಬರಲಿಲ್ಲ, ಹಾಕಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. “ಹಂಗಂದ್ರ ಹ್ಯಾಂಗ್ರೀ? ಹೆಸರು ಹಾಕಲೇಬೇಕು. ಇಲ್ಲಂದ್ರ ನಿಮಗ ಬೀಜ ಬರಂಗಿಲ್ಲ.”

“ಏನ್ ಜುಲುಮಿ ರೀ ಇದು!” ಎಂದು ಆತ ನನಗಿಂತ ಜೋರಾಗಿ ಎದ್ದ. “ಹೊಲ ನಂದು, ದುಡಿಯಾಂವ ನಾನು. ಹ್ವಾದ ವರ್ಷ ಎಲ್ಲಾ ತೊಗರಿ ಹಾಕೀನಿ. ಹೆಸರು ಹಾಕಬೇಕಂತ ನನಗ ಯಾರು ಹೇಳ್ಯಾರ? ನಮ್ಮ ಬಾಜೂ ಹೊಲದಾಂವ ಎರಡ್ ಎಕರೆ ಹೆಸರು ಹಾಕ್ಯಾನ, ಆಂವನ್ನ ಕೇಳ್ರಿ!”

ಎರಡು ಎಕರೆ ಹೆಸರು! ಆಮೇಲೆ ನಗು ಶುರುವಾಯಿತು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಮ್ಮ ತವರು ದಢೇಸುಗೂರು. ಮನೆಯಿಂದ ಹೊರಗೆ ಕಾಲಿಟ್ಟರೆ ಕಾಲುವೆ, ಕಣ್ಣು ಹಾಯಿಸಿದಷ್ಟು ನೆಲ್ಲು. ಹೆಸರು ಕಾಳನ್ನು ನಾನು ಅಡುಗೆಮನೆಯ ಡಬ್ಬಿಯಲ್ಲಿ ಕಂಡಿದ್ದೆನೇ ಹೊರತು ಹೊಲದಲ್ಲಿ ಅಲ್ಲ. ‘ಹೆಸರು’ ಅಂದರೆ ನನಗೆ ಮನುಷ್ಯನ ಹೆಸರು. ಸಂತೆಕಲ್ಲೂರಿನ ಹೊಲಗಳಲ್ಲಿ ಅದು ಬೆಳೆ. ಲಿಂಗಸುಗೂರಿನವರ ಟೇಬಲ್ಲಿನಲ್ಲಿ ‘ತೊಗರಿ’, ‘ಸಜ್ಜೆ’, ‘ಹೆಸರು’ ಎಂದು ಒಂದೊಂದು ಬೆಳೆಗೆ ಒಂದೊಂದು ಕಾಲಂ, ಅದರಲ್ಲಿ ಎಷ್ಟು ಎಕರೆ ಬಿತ್ತಿದ್ದರು ಎಂಬ ಅಂಕಿ. ರೈತನ ಹೆಸರಿಗೆ ಅವರು ಇಟ್ಟಿದ್ದ ಕಾಲಂ ‘ರೈತ’, ದೂರಿನ ಪಟ್ಟಿಯಲ್ಲಿ ಅದು ಬಂದೇ ಇರಲಿಲ್ಲ. ನನ್ನ ಟೆಂಪ್ಲೇಟ್ ಹೆಸರು ಬಿತ್ತದವರನ್ನೆಲ್ಲ ಹೆಸರೇ ಇಲ್ಲದವರೆಂದು ಹೊರಗೆ ದಬ್ಬಿತ್ತು. ಬಿತ್ತಿದವರ ಅಂಕಿ ನೋಡಿ, ಇದೂ ಒಂದು ಹೆಸರೇನು ಎಂದು ಅದೇ ದೂರು ಬರೆದು ಅವರನ್ನೂ ದಬ್ಬಿತ್ತು.

ಆ ರೈತನಿಗೆ ಸಮಾಧಾನ ಹೇಳಿ, ಬೀಜ ಖಂಡಿತ ಸಿಗುತ್ತದೆ ಎಂದು ಮಾತು ಕೊಟ್ಟು ಫೋನು ಇಟ್ಟೆ. ಅಷ್ಟರಲ್ಲಿ ಶರಣಮ್ಮ ಮೈಯೆಲ್ಲ ಧೂಳಾಗಿ ಬಂದರು. ವಿಷಯ ಹೇಳಿದ ಕೂಡಲೇ ಸೆರಗು ಬಾಯಿಗೆ ಹಿಡಿದು ಅವರೂ ನಕ್ಕರು. ನಕ್ಕು ಮುಗಿದ ಮೇಲೆ ಮುಖ ಸಪ್ಪಗಾಯಿತು. “ನಗೋದು ಬ್ಯಾರೆ ಮಾತು ಅಕ್ಕಾರ. ಮಳಿ ಮೋಡ ಕಟ್ಟಾಕತ್ತಾವು. ಇದು ಜಲ್ದಿ ಆಗತೈತೇನು?”

ಇಲ್ಲಿ ನನಗೂ ಮಹಾಂತೇಶನಿಗೂ ಜಗಳ ಬಿತ್ತು. ಅವನ ಉಪಾಯ ಸುಲಭದ್ದು: ಲಿಂಗಸುಗೂರಿಗೆ ಸೇರಿದ ಫೈಲುಗಳನ್ನು ಒಂದೊಂದಾಗಿ ತೆಗೆದು, ಎಲ್ಲಿ ‘ಹೆಸರು’ ಇದೆಯೋ ಅಲ್ಲಿ ಕೈಯಿಂದಲೇ ತಿದ್ದಿಬಿಡುವುದು. ಸಂಜೆಯೊಳಗೆ ಮುಗಿಯುತ್ತದೆ ಎಂದ. ಮುಗಿಯುತ್ತಿತ್ತು, ಸುಳ್ಳಲ್ಲ. ಆದರೆ ನಾಳೆ ಯಾವುದೋ ಕಾರಣಕ್ಕೆ ಜನರೇಟರನ್ನು ಮತ್ತೆ ಓಡಿಸಿದರೆ ಅದು ಹಳೆಯ ಫೈಲುಗಳ ಮೇಲೆ ಹೊಸದನ್ನು ಬರೆಯುತ್ತದೆ. ಕೈಯಿಂದ ತಿದ್ದಿದ್ದೆಲ್ಲ ನೀರಿನಲ್ಲಿ ಹೋಮ.

“ಹುಟ್ಟಿದ ಫೈಲಿಗೆ ಕೈ ಹಚ್ಚಿದಿ ಅಂದ್ರ ಕೈ ಮುರೀತೀನಿ ನೋಡಲೇ,” ಎಂದೆ.

“ಅಕ್ಕಾ, ಟೆಂಪ್ಲೇಟ್ ತಿದ್ದಿದ್ರ ಎಲ್ಲಾ ಮೊದಲಿಂದ ಪರೀಕ್ಷಾ ಮಾಡಬೇಕು. ಸಿಂಧನೂರಿಂದು ಚಲೋ ನಡದೈತಿ, ಅದೂ ಕೆಟ್ರ? ಮಸ್ಕಿ ಬಾಗಲಾ ಹಾಕಿದ್ರ ಅದರ ಪಾಪ ನಮಗೇ ಬರತೈತಿ.”

ಅವನ ಭಯದಲ್ಲಿ ಅರ್ಥವಿತ್ತು. ಆದರೂ ನಾನು ಹಟ ಬಿಡಲಿಲ್ಲ. ಡೇಟಾಬೇಸಿನಲ್ಲಿ ಪ್ರತಿ ಕಾಲಂನ ಪಕ್ಕ ಒಂದು ಟಿಪ್ಪಣಿ ಬರೆಯಲು ಜಾಗವಿರುತ್ತದೆ. ಬಹಳ ಮಂದಿ ಅದನ್ನು ಖಾಲಿ ಬಿಡುತ್ತಾರೆ. ನಾನು ಶರಣಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಕಾಲಂ ಕೇಳುತ್ತಾ ಹೋದೆ. ಇದು ಏನು, ಇದು ಏನು? ಅವರು ಹೇಳಿದ್ದನ್ನು ಕನ್ನಡದಲ್ಲೇ ಪೂರಾ ಬರೆದೆ: ‘ರೈತನ ಹೆಸರು’, ‘ಹೆಸರು ಕಾಳು ಬಿತ್ತಿದ ಎಕರೆ’. ಆಮೇಲೆ ಟೆಂಪ್ಲೇಟಿನ ನಿಯಮ ಬದಲಿಸಿದೆ. ಇನ್ನು ಮುಂದೆ ಅದು ಕಾಲಂನ ಪದ ನೋಡಿ ತೀರ್ಮಾನ ಮಾಡುವಂತಿಲ್ಲ. ಅಕ್ಷರವೋ ಅಂಕಿಯೋ ಎಂಬುದನ್ನು ನೋಡಬೇಕು, ಟಿಪ್ಪಣಿ ಓದಬೇಕು, ಟಿಪ್ಪಣಿ ಇಲ್ಲದಿದ್ದರೆ ಫೈಲು ಹುಟ್ಟಿಸದೆ ನಿಂತು ಕೇಳಬೇಕು.

ಸಿಂಧನೂರಿನ ಕಾಲಂಗಳಿಗೂ ಟಿಪ್ಪಣಿ ಹಾಕಿ, ಹಳೆಯ ಫೈಲುಗಳನ್ನೆಲ್ಲ ಅಳಿಸಿ, ಶಿವನೇ ಎಂದು ಜನರೇಟರ್ ಓಡಿಸಿದೆ. ಸಿಂಧನೂರಿನವರು ಇದ್ದ ಹಾಗೇ ಇದ್ದರು. ಅವರ ಬೆನ್ನಿಗೆ ಲಿಂಗಸುಗೂರು ಕಡೆಯವರು ಬರತೊಡಗಿದರು. ನಿಂಗಪ್ಪ, ದೇವಮ್ಮ, ಹನುಮಂತ, ಬಸಮ್ಮ. ಶರಣಮ್ಮ ಒಂದೊಂದು ಹೆಸರನ್ನೂ ಬಾಯಿಬಿಟ್ಟು ಓದುತ್ತಾ, “ಇಕಿ ನಮ್ಮ ಓಣಿಯಾಕಿ! ಈತ ನಮ್ಮ ಬೀಗರಾಂವ!” ಎಂದು ಕುರ್ಚಿಯಲ್ಲೇ ಕುಣಿಯುತ್ತಿದ್ದರು. ಅವತ್ತು ನನಗಾದ ಖುಷಿಯನ್ನು ಮುಚ್ಚಿಟ್ಟು ಏನು ಮಾಡಲಿ? ಎದೆ ಉಬ್ಬಿತ್ತು.

ಆದರೆ ನಿಜವಾದ ಪರೀಕ್ಷೆ ಬೀಜ ಹಂಚುವ ದಿನ ಬಂತು. ಬೆಳಿಗ್ಗೆಯೇ ಶಾಖೆಯ ಮುಂದೆ ಟಂಟಂಗಳು ನಿಂತಿದ್ದವು, ಸಾಲು ರಸ್ತೆಗೆ ಮುಟ್ಟಿತ್ತು. ನಾನೂ ಮಹಾಂತೇಶನೂ ಶರಣಮ್ಮನವರ ಪಕ್ಕದಲ್ಲೇ ಇದ್ದೆವು. ಅಮರೇಗೌಡರು ಜೀಪಿನಿಂದ ಇಳಿದು ನೇರ ಒಳಗೆ ಬಂದು, ಮೊದಲ ಚೀಟಿಯನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿದರು.

“ಚೀಲದ ಲಾಟ್ ನಂಬರ್ ಎಲ್ಲೈತಿ? ನಾಳೆ ಬೀಜ ಹುಟ್ಟಲಿಲ್ಲ ಅಂತ ರೈತ ಬಂದ್ರ, ಯಾವ ಲಾಟಿನ ಚೀಲ ಅಂತ ಹ್ಯಾಂಗ ಹುಡುಕ್ತೀರಿ?”

ಮಾತು ಸರಿಯಾಗಿತ್ತು. ಲಾಟ್ ನಂಬರ್ ಅಂದರೆ ಬೀಜದ ಚೀಲದ ಮೇಲಿನ ಗುರುತು, ಆ ಬೀಜ ಯಾವ ರಾಶಿಯಿಂದ ಬಂತು ಎಂದು ಹೇಳುವಂಥದ್ದು. ಎರಡೂ ಹಳೆಯ ಡೇಟಾಬೇಸುಗಳಲ್ಲಿ ಅದು ಇರಲೇ ಇಲ್ಲ, ನಮಗೂ ಯಾರೂ ಹೇಳಿರಲಿಲ್ಲ.

“ಇಷ್ಟ ಮಾಡಾಕ ಆಗದಿದ್ರ ಬಂದ್ ಮಾಡ್ರಿ,” ಎಂದರು ಗೌಡರು. “ನಾಳೆ ಎಲ್ಲಾರೂ ಲಿಂಗಸುಗೂರಿಗೆ ಬರ್ರಿ ಅಂತ ಹೊರಗ ಹೇಳ್ರಿ.”

ಶರಣಮ್ಮ ಹೊರಗಿನ ಸಾಲಿನ ಕಡೆ ನೋಡಿದರು. ಹೊರಗೆ ನಿಂತವರಿಗೆಲ್ಲ ಮಾತು ಕೊಟ್ಟವರು ಅವರೇ. ಹೋಗಿ ಹೇಳಬೇಕಾದವರೂ ಅವರೇ. ಕುರ್ಚಿಯಿಂದ ಏಳಲು ಹೋದರು, ನಾನು ಭುಜ ಹಿಡಿದು ಕೂರಿಸಿದೆ.

“ಗೌಡ್ರ, ಹೊರಗ ಹೇಳೋದು ಇರ್ಲಿ. ಮೊದಲ ಚಹಾ ಕುಡೀರಿ,” ಎಂದೆ.

ವಿತರಣೆಯ ಟೇಬಲ್ಲಿಗೆ ಒಂದು ಕಾಲಂ ಸೇರಿಸಿದೆ. ಟಿಪ್ಪಣಿಯಲ್ಲಿ ‘ಚೀಲದ ಲಾಟ್ ನಂಬರ್’ ಎಂದು ಬರೆದು, ಖಾಲಿ ಬಿಡುವಂತಿಲ್ಲ ಎಂದು ಗುರುತು ಹಾಕಿ, ಜನರೇಟರ್ ಓಡಿಸಿದೆ. ತುಂಬುವ ಪರದೆ, ಹುಡುಕುವ ಪರದೆ, ಚೀಟಿ, ಎಲ್ಲ ಫೈಲುಗಳೂ ಮತ್ತೆ ಹುಟ್ಟಿದವು. ಮಹಾಂತೇಶ ಅವನ್ನು ನೋಡಿ ನನ್ನ ಕಡೆ ನೋಡಿದ. ಕೈಯಿಂದ ತಿದ್ದಿದ್ದರೆ ಆ ಗಳಿಗೆಗೆ ಲಿಂಗಸುಗೂರಿನ ಅಷ್ಟೂ ರೈತರು ಮತ್ತೆ ಹೆಸರಿಲ್ಲದವರಾಗಿರುತ್ತಿದ್ದರು. ಅವನು ಎದ್ದು ಹೋಗಿ ಗೋದಾಮಿನ ಚೀಲದ ಮೇಲಿನ ಲಾಟ್ ನಂಬರ್ ಓದಿಕೊಂಡು ಬಂದ. ಶರಣಮ್ಮ ಅದನ್ನು ಪರದೆಯಲ್ಲಿ ತುಂಬಿ ಗುಂಡಿ ಒತ್ತಿದರು. ಗೌಡರ ಚಹಾದ ಲೋಟ ಇನ್ನೂ ಅರ್ಧವಿರುವಾಗಲೇ ಹೊಸ ಚೀಟಿ ಅವರ ಕೈಗೆ ಹೋಯಿತು. ರೈತನ ಹೆಸರು, ಊರು, ಬೀಜ, ಲಾಟ್ ನಂಬರ್.

ಗೌಡರು ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ಓದಿದರು. ಪ್ರಿಂಟರಿನ ಕಡೆ ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, “ಶರಣಮ್ಮ,” ಎಂದರು, “ಮುಂದಿನ ವರ್ಷದ ಬೀಜಾನೂ ಇಲ್ಲೇ ಇಳಸೂಣು. ಗೋದಾಮು ಸಣ್ಣದಾಗತೈತಿ, ಇನ್ನೊಂದು ನೋಡಿಡ್ರಿ.”

ಶರಣಮ್ಮ ಕಣ್ಣು ಒರೆಸಿಕೊಂಡು ಬಾಗಿಲಿಗೆ ಹೋಗಿ, ಮೊದಲ ಚೀಟಿಯ ಹೆಸರನ್ನು ಓಣಿಗೆಲ್ಲ ಕೇಳುವಂತೆ ಕೂಗಿದರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ನೂರು ಕಡೆ ಕಾಣುವ ತಪ್ಪನ್ನು ನೂರು ಕಡೆ ತಿದ್ದಲು ಓಡಬಾರದು, ಅದು ಹುಟ್ಟುವ ಒಂದು ಜಾಗ ಹುಡುಕಿ ಅಲ್ಲಿ ತಿದ್ದಬೇಕು. ಹಾಗೆ ತಿದ್ದುವ ಮೊದಲು ಆ ಪದಕ್ಕೆ ಆ ನೆಲದಲ್ಲಿ ಏನು ಅರ್ಥ ಎಂದು ಅಲ್ಲಿಯವರನ್ನು ಕೇಳಬೇಕು. ಈಗ ನಾನು ಕೆಲಸ ಬಿಟ್ಟು ಮನೆಯಲ್ಲಿದ್ದೇನೆ, ಜನರೇಟರನ್ನು ಮಹಾಂತೇಶ ನೋಡಿಕೊಳ್ಳುತ್ತಾನೆ. ಮಸ್ಕಿಯ ಶಾಖೆಯಲ್ಲಿ ಮುಂಗಾರಿಗೆ ಈಗಲೂ ಬೀಜ ಹಂಚುತ್ತಾರೆ, ಸಂತೆಕಲ್ಲೂರಿನವರು ಈಗಲೂ ಮಧ್ಯಾಹ್ನದ ಊಟಕ್ಕೆ ಮನೆ ಮುಟ್ಟುತ್ತಾರೆ. ಅಲ್ಲಿ ನಡೆಯುವ ಫೈಲುಗಳಲ್ಲಿ ನನ್ನ ಕೈಯಿಂದ ಬರೆದದ್ದು ಒಂದೂ ಇಲ್ಲ, ಎಲ್ಲವೂ ಆ ಅಚ್ಚಿನಿಂದ ಹುಟ್ಟಿದವು. ಅದೇ ನನ್ನ ಹೆಮ್ಮೆ.