ಇಬ್ಬರೂ ಕೂಡೇ ಏಳಬೇಕು

ನಮಗ ಕಲಿಸಿದ ಅಕ್ಕೋರು ತೀರಿಕೊಂಡು ವರ್ಷ ಆಗೂದರಾಗ ಅವರ ಹೆಸರಲೆ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡಬೇಕಂತ ಶಹಾಬಾದದಾಗ ಒಂದು ಕಮಿಟಿ ಆತು. ಭಾಳ ಚಲೋ ಕೆಲಸ. ಆದರ ಕಮಿಟಿ ಅಂದ್ರ ಮಂದಿ ಕುಂತು ಚಹಾ ಕುಡಿಯೂದು ಅಂತ ನನಗ ಗೊತ್ತಿದ್ದಿಲ್ಲ. ನನ್ನನ್ನೂ ಕರದ್ರು, ಯಾಕಂದ್ರ ಅಕ್ಕೋರ ಐತವಾರದ ಸಾಲ್ಯಾಗ ಕಲ್ತವರೊಳಗ ಎಲ್ಲಾರಕಿಂತ ಮುದುಕಿ ನಾನೇ.

ಆ ಸಾಲಿಗೆ ಗ್ವಾಡಿ ಇದ್ದಿದ್ದಿಲ್ಲ. ಅಕ್ಕೋರು ವಾರವೆಲ್ಲ ಸರಕಾರಿ ಸಾಲ್ಯಾಗ ಕಲಿಸಿ, ಐತವಾರ ನಮ್ಮ ಓಣಿಯ ಬೇವಿನ ಗಿಡದ ಬುಡಕ ಪುಗಸಟ್ಟೆ ಕಲಿಸ್ತಿದ್ರು. ಹತ್ತನೇ ನಾಪಾಸಾದ ಹುಡುಗರು, ಕಲ್ಲಿನ ಖಣಿಗೆ ಹೋಗೂ ನನ್ನಂಥ ಹೆಣ್ಮಕ್ಕಳು, ಎಲ್ಲಾರೂ ಬರ್ತಿದ್ವಿ. ಪಾಟಿ ಎಲ್ಲಿಂದ ತರಬೇಕು? ನೆಲಕ್ಕ ಹಾಸಿದ ಪರಸಿ ಕಲ್ಲೇ ಪಾಟಿ. ಬರದು ಬರದು ತುಂಬಿದ ಮ್ಯಾಲ ಒಂದು ಕೊಡ ನೀರು ಹೊಯ್ದು ತೊಳೀತಿದ್ವಿ.

ಅಲ್ಲಿ ಒಂದೇ ಕಾಯ್ದೆ. ತಿಳಿದವರು ತಿಳಿಲಾರದವರ ಜೋಡಿ ಕುಂದ್ರಬೇಕು. ಅವರಿಗೆ ತಿಳಿದ ಮ್ಯಾಲೇ ಇಬ್ಬರೂ ಕೂಡೇ ಏಳಬೇಕು. ಒಬ್ಬರೇ ಎದ್ದರ ಅಕ್ಕೋರು ಏನೂ ಅಂತಿದ್ದಿಲ್ಲ, ಸುಮ್ನ ನೋಡ್ತಿದ್ರು. ಎದ್ದವರು ಮತ್ತ ಕುಂದ್ರತಿದ್ರು. ನನಗ ಅಕ್ಷರ ತಿದ್ದಿಸಲಿಕ್ಕ ಕುಂತ ಹುಡುಗಿ ಹಸಿವಿ ಅಂತ ಅಳಲಿಕತ್ತಳು. ನನಗ ನಾಚಿಕಿ ಬಂತು, ಕಲ್ತೆ. ಭಕ್ತಿಯಿಂದ ಕಲ್ತೆ ಅಂತ ಸುಳ್ಳು ಹೇಳಂಗಿಲ್ಲ.

ಕಮಿಟಿಯ ಮೊದಲನೇ ಮೀಟಿಂಗ್ ಪೂರಾ ಫ್ಲೆಕ್ಸಿನ ಮ್ಯಾಲೇ ಮುಗೀತು. ಅಕ್ಕೋರ ಫೋಟೋ ನಡುವ ಇರಬೇಕೋ, ಮೂಲ್ಯಾಗ ಇದ್ರ ನಡೀತದೋ. ಮುಂದಿನದು ಯಾರ್ಯಾರಿಗೆ ಶಾಲು ಅಂತ. ಬದುಕಿದ್ದಾಗ ಶಾಲು ತಂದವರಿಗೆ ಅಕ್ಕೋರು, ಇದರ ಬದಲಿ ಒಂದು ಡಬ್ಬಿ ಚಾಕ್‌ಪೀಸ್ ತರಬಾರದೇನು ಅಂತ ಬೈದು ಕಳಸ್ತಿದ್ರು. ಆಮ್ಯಾಲ ಕಾಯ್ದೆ ಬರದ್ರು: ಎಲ್ಲಾರಕಿಂತ ಹೆಚ್ಚು ಮಾರ್ಕ್ಸ್ ತಗೊಂಡವರಿಗೇ ಸ್ಕಾಲರ್‌ಶಿಪ್. ನಾಪಾಸಾದವರು ಕೇಳಂಗೇ ಇಲ್ಲ.

ನನ್ನ ತಲಿ ಕೆಟ್ಟು ಹೋತು. ನಮ್ಮ ಮಗ್ಗಲ ಮನಿ ಹುಡುಗಿ ಗಣಿತದಾಗ ನಾಪಾಸಾಗಿದ್ಲು. ಇನ್ನೊಮ್ಮಿ ಪರೀಕ್ಷಾಕ್ಕ ಕುಂದ್ರಬೇಕಂತ ಆಕಿಗೆ ಮನಸಿತ್ತು, ಕಲಿಸವರೇ ಇಲ್ಲ. ಓದಿದ್ದು ಸಾಕು, ದಾಲ್ ಮಿಲ್ಲಿಗೆ ಬ್ಯಾಳಿ ಆರಸಲಿಕ್ಕ ಕಳಸ್ತೀನಿ ಅಂತ ಅವರವ್ವ ಹಟ ಹಿಡದಿದ್ಲು. ಅಕ್ಕೋರು ಇದ್ದಿದ್ರ ಮೊದಲು ಇಂಥಾಕಿನ್ನೇ ಕೈ ಹಿಡದು ಕುಂದರಿಸ್ತಿದ್ರು.

ಕಮಿಟಿ ಅಧ್ಯಕ್ಷಗ ಈಗ ಪರಸಿ ಕಲ್ಲು ಕೊರಿಯೂ ಮಷೀನು ಅದ, ಕಾರು ಅದ. ಹುಡುಗ ಇದ್ದಾಗ ನಮ್ಮ ಜೋಡಿನೇ ಬೇವಿನ ಗಿಡದ ಬುಡಕ ಕುಂತಾವ.

"ಯವ್ವಾ, ನಾಪಾಸಾದವರಿಗೆ ಕೊಟ್ರ ಮಂದಿ ನಗ್ತಾರ," ಅಂದ.

"ನೀ ನಾಪಾಸಾದಾಗ ಅಕ್ಕೋರು ನಕ್ಕಿದ್ರೇನು ತಮ್ಮಾ? ಬಿಸಲಾಗ ನಿನ್ನ ಜೋಡಿ ಯಾರು ಕುಂತಿದ್ರು, ಮರತಿ?"

ಚಹಾದ ಕಪ್ಪು ಕೆಳಗಿಟ್ಟ. ಉಳದವರು ಮೊಬೈಲ್ ನೋಡಲಿಕತ್ರು.

ಜಗಳಾಡಿ ಜಗಳಾಡಿ ಒಂದು ಮಾತು ಕೂಡಿಸಿದೆ. ಹೆಚ್ಚು ಮಾರ್ಕ್ಸಿನವರಿಗೇ ಕೊಡ್ರಿ. ಆದರ ಅಕ್ಕೋರ ಹೆಸರಿನ ರೊಕ್ಕ ಹಿಡದವರು ನಾಪಾಸಾದ ಒಬ್ಬರ ಜೋಡಿ ಕುಂದ್ರಬೇಕು, ಅವರು ಪಾಸಾಗೂ ತನಕ. ಅವರ ಪರೀಕ್ಷಾ ಫೀಸೂ ಕಮಿಟಿನೇ ಕಟ್ಟಬೇಕು.

ಮಾರ್ಕ್ಸಿನಾಗ ಮೊದಲ ಬಂದಾಕಿ ವಾಡಿ ಊರಿನ ಹುಡುಗಿ. ಅವರಪ್ಪ ಬಂದು, ನಮ್ಮಾಕಿ ಡಾಕ್ಟರಕಿ ಓದೂದದ, ಟೈಮಿಲ್ಲ ಅಂದ. ಹಂಗಾದ್ರ ಸ್ಕಾಲರ್‌ಶಿಪ್ಪೂ ಇಲ್ಲ ಅಂದೆ. ಅಷ್ಟರಾಗ ಮಗಳ ಫೋಟೋ ಹಾಕಿದ ಫ್ಲೆಕ್ಸ್ ಚೌಕದಾಗ ಕಟ್ಟಿ ಆಗಿತ್ತು. ಬಿಡಲಿಕ್ಕೂ ಬರದಂಗಾತು ಅವಗ. ಫ್ಲೆಕ್ಸಿನಿಂದ ಆದ ಉಪಕಾರ ಅದೊಂದೇ.

ಐತವಾರ ವಾಡಿಯಾಕಿ ಪ್ಯಾಸೆಂಜರ್ ಗಾಡಿಗೆ ಬರ್ತಿದ್ಲು, ಮಾರಿ ಗಂಟು ಹಾಕ್ಕೊಂಡು. ಬೇವಿನ ಗಿಡದ ಬುಡಕ ಆಕಿ ಜೋಡಿ ನಮ್ಮ ಮಗ್ಗಲ ಮನಿ ಹುಡುಗಿನ್ನ ಕುಂದರಿಸಿದೆ. ನಮ್ಮಾಕಿ ತಲಿಯೂ ಏನು ಕಮ್ಮಿ ದಪ್ಪ ಇಲ್ಲ. ಹೇಳಿದ ಲೆಕ್ಕನೇ ಮತ್ತ ತಪ್ಪು ಮಾಡಾಕಿ. ಒಂದಿನ ವಾಡಿಯಾಕಿ ಸಿಟ್ಟಿಗೆದ್ದು, ಗಾಡಿ ತಪ್ಪತದ ಅಂತ ಚೀಲ ಹೆಗಲಿಗೆ ಹಾಕ್ಕೊಂಡು ನಿಂತ್ಲು. ಅಕ್ಕೋರಂಗ ಸುಮ್ನ ನೋಡಿ ಕುಂದರಸೂ ಶಕ್ತಿ ನನಗಿಲ್ಲ.

"ಕುಂದ್ರು. ಇನ್ನೊಂದು ಗಾಡಿ ಅದ," ಅಂದೆ.

ಕುಂತಳು. ಪರಸಿ ತೊಳದು ಲೆಕ್ಕ ಮೊದಲಿಂದ ಬರದ್ಲು. ಅವತ್ತು ಇಬ್ಬರೂ ಕೂಡೇ ಎದ್ರು.

ನಮ್ಮಾಕಿ ಪಾಸಾದ್ಲು, ಬರೇ ಪಾಸಾಗೂ ಅಷ್ಟೇ ಮಾರ್ಕ್ಸಿಗೆ. ಅವರವ್ವ ದಾಲ್ ಮಿಲ್ಲಿನ ಮಾತು ಬಿಟ್ಲು. ಕಮಿಟಿಯವರು ಇದಕ್ಕೂ ಒಂದು ಫ್ಲೆಕ್ಸ್ ಹಾಕ್ಸ್ಯಾರ, ಅದರಾಗ ಎಲ್ಲಾ ಅವರವೇ ಮಾರಿ. ನಮ್ಮಾಕಿ ಪೇಢೆ ಹಿಡಕೊಂಡು ಬಂದ್ಲು. ತಿಂದೆ. ಹಿಂದಿನ ಓಣ್ಯಾಗ ಒಬ್ಬಾಕಿ ನಾಪಾಸಾಗಿ ಕುಂತಾಳ, ಬರೂ ಐತವಾರ ಆಕಿ ಜೋಡಿ ನೀ ಕುಂದ್ರಬೇಕು, ಪರಸಿ ತೊಳದಿಡು ಅಂದೆ. ಮಾರಿ ಸಣ್ಣದು ಮಾಡಿದ್ಲು.

ಮಾಡ್ಲಿ.